ಸಿನಿಮಾದವರಿಗೇನು ಕಡಿಮೆ ಅನ್ನೋ ಮಾತು

ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರದ ಕ್ಯಾಂಟೀನಿನಲ್ಲಿ ನಿನ್ನೆ ಮತ್ತೆ ಅದೇ ಮಾತು. 'ಕೋಟಿ ಕೋಟಿ ಎಣಿಸ್ತಾರೆ, ಅವರಿಗ್ಯಾಕೆ ಮುಷ್ಕರ?' ಹಾಲಿವುಡ್ ಮುಷ್ಕರದ ಸುದ್ದಿ ಎತ್ತಿದಾಗಲೆಲ್ಲ ಇದೇ. ಕೇಳಿ ಕೇಳಿ ಸಾಕಾಗಿದೆ.

2023ರ ಮೇ 2ರಂದು ಬರಹಗಾರರು ಕೆಲಸ ನಿಲ್ಲಿಸಿದರು. 148 ದಿನ! ಜುಲೈನಲ್ಲಿ ನಟರೂ ಇಳಿದರು, 118 ದಿನ. ಪೋಸ್ಟರಿನಲ್ಲಿ ಕಾಣೋದು ನಾಲ್ಕೈದು ಮುಖ. ಉಳಿದವರು? ನಟರ ಸಂಘದ ಆರೋಗ್ಯ ವಿಮೆ ಸಿಗಬೇಕಾದರೆ ಆಗ ವರ್ಷಕ್ಕೆ ಸುಮಾರು 26,000 ಡಾಲರ್ ದುಡಿಯಬೇಕಿತ್ತು. ಹೆಚ್ಚಿನವರಿಗೆ ಅಷ್ಟೂ ಆಗುತ್ತಿರಲಿಲ್ಲ. ಟಿವಿಯಲ್ಲಿ ಮರುಪ್ರಸಾರ ಆದಾಗ ಒಂದಿಷ್ಟು ಹಣ ಬರುತ್ತಿತ್ತು, ಸ್ಟ್ರೀಮಿಂಗ್ ಬಂದ ಮೇಲೆ ಅದೂ ಇಳಿಯಿತು. ಎಐ ತಮ್ಮ ಕೆಲಸ ಕಿತ್ತುಕೊಳ್ಳುತ್ತೆ ಅನ್ನೋ ಭಯ ಬೇರೆ.

ಇದನ್ನೆಲ್ಲ ಹೇಳಿದರೆ ಪಕ್ಕದ ಅಣ್ಣ ಲೋಟ ಕುಕ್ಕಿ, 'ಸುಮ್ನಿರಿ ಮಾರಾಯ್ರೆ, ಅದೆಲ್ಲ ಕೊಬ್ಬು' ಅಂದರು. ಅವರದ್ದು ಕಾಫಿ ತೋಟ. ಹತ್ತು ನಿಮಿಷದ ಹಿಂದಷ್ಟೇ ಗೋಳು ಹೇಳಿಕೊಂಡಿದ್ದರು: ಮಳೆಗೆ ಅರ್ಧ ಹಣ್ಣು ಉದುರಿತು, ಉಳಿದದ್ದಕ್ಕೆ ವ್ಯಾಪಾರಿ ಔಟ್‌ಟರ್ನ್ (ಒಣಗಿಸಿದ ಕಾಫಿಯಲ್ಲಿ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ) ನೋಡಿ ರೇಟ್ ಇಳಿಸಿದ, ಬೆಂಗಳೂರಲ್ಲಿ ಒಂದು ಕಪ್‌ಗೆ ಇನ್ನೂರು ರೂಪಾಯಿ ತಗೊಳ್ತಾರೆ, ಬೆಳೆದ ನಮಗೇನು ಸಿಕ್ಕಿತು ಅಂತ.

ಅವರ ಸಿಟ್ಟು ನ್ಯಾಯವೇ. ನಾನೂ ಹೌದು ಅಂದೆ. ಹಾಗಾದರೆ ಬರೆದವರ ಸಿಟ್ಟು ಮಾತ್ರ ಯಾಕೆ ಕೊಬ್ಬು?