ಎಲ್ಲಿಂದಲೋ ಟಿಕ್ ಟಿಕ್

ನಾನು ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಕಿವಿಗೆ ಸ್ಟೆತೊಸ್ಕೋಪ್ ಸಿಕ್ಕಿಸಿಕೊಂಡು, ಅದರ ಇನ್ನೊಂದು ತುದಿಯನ್ನು ಗಾಡಿಯ ಪ್ಯಾನೆಲ್ಲಿಗೆ ಒತ್ತಿ ಹಿಡಿದಿದ್ದೆ. ಹೊರಗೆ ಪುಣೆ ಹತ್ತಿರದ ತಾಮ್ಹಿಣಿ ಘಾಟಿನ ಜುಲೈ ಮಳೆ. ಕಂಬಳಿ ಹೊದ್ದ ಒಬ್ಬ ಅಜ್ಜಿ ಕಿಟಕಿ ಹತ್ತಿರ ಬಂದು ನಿಂತರು. ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ಮರಾಠಿಯಲ್ಲಿ ಏನೋ ಕೇಳಿದರು.

ನಮ್ಮ ಡ್ರೈವರ್ ಕಾಕಾ ನಗು ನುಂಗಿಕೊಂಡು ಕನ್ನಡ ಮಾಡಿದರು. "ಗಾಡಿಗೆ ಅಮ್ಮ ಬಂದಾಳೇನು ಅಂತ ಕೇಳಾಕತ್ತಾರ್ರಿ ಸರ."

ಅಜ್ಜಿಯದು ತಪ್ಪಿಲ್ಲ. ಇನ್ನೂ ಶೋರೂಮಿಗೆ ಬಾರದ ಗಾಡಿ ಅದು, ಓಡಿಸಿ ಪರೀಕ್ಷೆ ಮಾಡುವುದು ನಮ್ಮ ಕೆಲಸ. ಆಕಾರ ಯಾರಿಗೂ ಗೊತ್ತಾಗಬಾರದು ಅಂತ ಮೈತುಂಬ ಕಪ್ಪು ಬಿಳಿ ಸುರುಳಿಯ ಸ್ಟಿಕ್ಕರ್ ಅಂಟಿಸಿರುತ್ತಾರೆ. ಜೊತೆಗೆ ಒಳಗೊಬ್ಬ ಡಾಕ್ಟರ್ ಬೇರೆ. ಭಾರತದಿಂದ ಸಿಡುಬು 1975ರಲ್ಲೇ ಹೋಯಿತು, ಆಮೇಲೆ ಬಂದಿದ್ದು ನಮ್ಮ ಗಾಡಿಗೇ ಇರಬೇಕು. ಯಾರೂ ಗಮನಿಸಬಾರದು ಅಂತ ಮಾಡಿದ ಈ ಅಲಂಕಾರ ಎಷ್ಟು ಚೆನ್ನಾಗಿದೆ ಅಂದರೆ, ಪೌಡ್ ರಸ್ತೆಗೆ ಇಳಿದರೆ ಸಾಕು, ಹಿಂದೆ ಮೂರು ಬೈಕ್. ಮೂರರಲ್ಲೂ ಹಿಂದೆ ಕೂತವನ ಕೈಯಲ್ಲಿ ಮೊಬೈಲ್.

ಊರಿಗೆ ಹೋದಾಗ ನನ್ನ ಕೆಲಸದ ಬಗ್ಗೆ ಎಲ್ಲರಿಗೂ ಹೊಟ್ಟೆಯುರಿ. "ಕಾಡಲ್ಲಿ ಜೀಪ್ ಓಡಿಸ್ತಾನೆ, ಅದಕ್ಕೆ ಸಂಬಳ ಬೇರೆ" ಅಂತ ನಮ್ಮ ಮಾವ ಮದುವೆ ಮನೆಯಲ್ಲಿ ಸಾರುತ್ತಾರೆ. ಅವರ ತಲೆಯಲ್ಲಿ ನಾನು ಕೆಸರು ಹಾರಿಸಿಕೊಂಡು ಗುಡ್ಡ ಹತ್ತುತ್ತಿರುತ್ತೇನೆ. ನಿಜವಾಗಿ ನಾನು ಮಾಡುವುದು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹಿಂದಿನ ಸೀಟಿನಲ್ಲಿ ಕುಲುಕಾಡುತ್ತಾ ಫಾರಂ ತುಂಬುವುದು. ಸೀಟಿಗೆ ಹತ್ತರಲ್ಲಿ ಎಷ್ಟು ಅಂಕ? ಬಾಗಿಲು ಮುಚ್ಚುವ ಸದ್ದಿಗೆ ಎಷ್ಟು? ಆರೂವರೆ ಕೊಟ್ಟರೆ ಏಳು ಯಾಕಲ್ಲ ಅಂತ ಸಂಜೆ ಫೋನ್ ಬರುತ್ತದೆ. ಆರು ಕೊಟ್ಟರೆ ಮೀಟಿಂಗೇ ಬರುತ್ತದೆ.

ಕಾಕಾ ವಿಜಯಪುರ ಕಡೆಯವರು. ಪುಣೆಗೆ ಬಂದು ಮೂವತ್ತು ವರ್ಷ ಆಯಿತು, ಮಾತು ಮಾತ್ರ ಇನ್ನೂ ಊರಲ್ಲೇ ಇದೆ. ನಾನು ಶಿವಮೊಗ್ಗದವನು ಅಂತ ಗೊತ್ತಾದ ದಿನವೇ ಅಡಿಕೆ ಕೇಳಿದ್ದರು. ಹೋದ ಸಲ ಊರಿಂದ ಬರುವಾಗ ಒಂದು ಕೆಜಿ ಕೆಂಪಡಿಕೆ, ಅದರ ಜೊತೆ ತೀರ್ಥಹಳ್ಳಿಯಲ್ಲಿ ಕೊಂಡ ಒಂದು ಒಳ್ಳೆ ಅಡಕತ್ತರಿ ತಂದುಕೊಟ್ಟೆ. ಅವತ್ತಿಂದ ಅವರಿಗೆ ನನ್ನ ಮೇಲೆ ವಿಪರೀತ ಪ್ರೀತಿ. ಡಿಕ್ಕಿ ಬಾಗಿಲು ಮುಟ್ಟಲೂ ಬಿಡುತ್ತಿರಲಿಲ್ಲ. "ನೀವು ಕುಂದ್ರಿ ಸರ, ನಾ ಹಾಕ್ತೀನಿ."

ಟಿಕ್ ಟಿಕ್ ಶುರುವಾಗಿದ್ದು ಸೋಮವಾರ ಬೆಳಿಗ್ಗೆ. ಮುಳಶಿ ಕೆರೆಯ ಪಕ್ಕದ ಕಲ್ಲು ದಾರಿಯಲ್ಲಿ, ಹಿಂದೆ, ಬಲಗಡೆ. ಡಾಂಬರಿನ ಮೇಲೆ ಇಲ್ಲ. ಕಲ್ಲಿನ ಮೇಲೆ 12ರಿಂದ 15ರ ವೇಗದಲ್ಲಿ ಮಾತ್ರ. ಇಂಥ ಸದ್ದು ನಮ್ಮ ಕೆಲಸದಲ್ಲಿ ಬಂಗಾರ. ಎಂಜಿನ್ ಸದ್ದು ಯಾರು ಬೇಕಾದರೂ ಕೇಳುತ್ತಾರೆ, ಪ್ಲಾಸ್ಟಿಕ್ಕಿನ ಹಿಂದೆ ಸಡಿಲಾದ ಒಂದು ಕ್ಲಿಪ್ಪಿನ ಸದ್ದು ಹಿಡಿಯುವುದಕ್ಕೆ ಕಿವಿ ಬೇಕು. ನನಗೆ ಸ್ವಲ್ಪ ಜಂಬವೇ ಬಂತು.

"ಕಾಕಾ, ಕೇಳಿಸ್ತಾ?"

"ಕೇಳಸ್ತ್ರಿ ಸರ. ಬಲಕ್ಕ. ಹಿಂದ."

ಗಾಡಿ ನಿಲ್ಲಿಸಿ ಪ್ಯಾನೆಲ್ ಗುದ್ದಿದೆ. ಸದ್ದಿಲ್ಲ. ಅಲುಗಾಡಿಸಿದೆ. ಇಲ್ಲ. ಡಿಕ್ಕಿಯಲ್ಲಿದ್ದ ಹಗ್ಗ, ಸ್ಪಾನರ್ ಚೀಲ, ಜಾಕ್ ಇಡುವ ಗೂಡು, ಎಲ್ಲಾ ತೆಗೆದು ನೋಡಿದೆ. ಕಾಕಾ ಪಾಪ, ನನಗೆ ತೊಂದರೆ ಆಗಬಾರದು ಅಂತ ಆಲದ ಮರದ ಕೆಳಗೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಮತ್ತೆ ಹೊರಟರೆ ನೂರು ಮೀಟರಿನೊಳಗೆ ಟಿಕ್ ಟಿಕ್. ಹೀಗೆ ಅವತ್ತು ಒಂಬತ್ತು ಸಲ. ಮಂಗಳವಾರ ಪ್ಯಾನೆಲ್ ಬಿಚ್ಚಿ ಫೋಮ್ ತುಂಬಿದೆ. ಬುಧವಾರ ಪುಣೆಯಿಂದ ಇಬ್ಬರು ಎಂಜಿನಿಯರುಗಳು ಬಂದು ಎರಡು ಕ್ಲಿಪ್ ಜಾಸ್ತಿ ಹಾಕಿದರು. ಅವರು ಬಂದ ದಿನ ಸದ್ದು ಚೂರೂ ಬರಲಿಲ್ಲ. ಅವತ್ತು ಕಾಕಾಗೆ ರಜೆ, ಬೇರೆ ಡ್ರೈವರ್. ಇಬ್ಬರೂ ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ಅವಮಾನದಲ್ಲೇ ಗುರುವಾರ ಸ್ಟಿಯರಿಂಗ್ ನಾನು ಹಿಡಿದೆ. ಕೆರೆಯಂಚಿನ ಒಂದು ಗದ್ದೆ ದಾರಿ. ಗಾಡಿ ಹೂಳಲು ಶುರುವಾದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ, ಆಕ್ಸಲರೇಟರ್ ಒತ್ತಿದೆ.

"ಜೋರ ಮಾಡಬ್ಯಾಡ್ರಿ ಸರ. ಇದು ನಮ್ಮ ಎರಿ ಹೊಲ ಇದ್ದಂಗ ಐತಿ, ಒತ್ತಿದಷ್ಟ ಇಳೀತೈತಿ."

ನಾನು ಎಂಜಿನಿಯರು, ಕೇಳುತ್ತೇನಾ? ಟೈರಿನ ಹಲ್ಲುಗಳ ಮಧ್ಯೆ ಮಣ್ಣು ತುಂಬಿ ನಾಲ್ಕೂ ಟೈರು ಬೋಳಾದವು. ಎಡಗಡೆ ಚಕ್ರ ಭರ್ರೆಂದು ತಿರುಗುತ್ತಿದೆ, ಬಲಗಡೆಯದು ಸುಮ್ಮನಿದೆ. ಎರಡೂ ಕಡೆಯ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್ಲಿನ ಬುದ್ಧಿಯೇ ಹಾಗೆ. ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಸುತ್ತಾಟವೆಲ್ಲ ಅದಕ್ಕೇ, ನಮ್ಮಲ್ಲಿ ಪ್ರಮೋಷನ್ ಹೋಗುವ ಹಾಗೆ. ಎರಡನ್ನೂ ಒಟ್ಟಿಗೆ ತಿರುಗಿಸಲು ಲಾಕ್ ಮಾಡುವ ಒಂದು ಗುಂಡಿ ಇದೆ. ಅದನ್ನು ಹೂತುಕೊಳ್ಳುವ ಮುಂಚೆ ಒತ್ತಬೇಕು. ನಾನು ಒತ್ತುವ ಹೊತ್ತಿಗೆ ಗಾಡಿಯ ಹೊಟ್ಟೆ ಮಣ್ಣಿಗೆ ತಾಗಿತ್ತು. ಎಳೆಯಲು ಬಂದ ನಮ್ಮ ಇನ್ನೊಂದು ಗಾಡಿಯೂ ಪಕ್ಕದಲ್ಲೇ ಹೂತಿತು. ಅಷ್ಟರಲ್ಲಿ ಎರಡು ಹಾಲಿನ ಕ್ಯಾನ್ ನೇತುಹಾಕಿಕೊಂಡ ಬೈಕೊಂದು ಅದೇ ದಾರಿಯಲ್ಲಿ ಬಂದು, ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು, ಕೆಸರನ್ನೂ ಹಾರಿಸದೆ ಹೋಯಿತು. ಕೊನೆಗೆ ಟ್ರ್ಯಾಕ್ಟರ್ ಬಂತು. 500 ರೂಪಾಯಿ ಕೊಟ್ಟೆ. ಆ 500ಕ್ಕೆ ಜಿಎಸ್‌ಟಿ ಬಿಲ್ ತನ್ನಿ ಅಂತ ಅಕೌಂಟ್ಸ್‌ನವರು ಇವತ್ತಿಗೂ ಮೇಲ್ ಹಾಕುತ್ತಿದ್ದಾರೆ.

ಶುಕ್ರವಾರ ಕೊನೆಯ ದಿನ. ಕೆಸರಿಗೆ ಹೆದರಿ ಟೈರಿನ ಗಾಳಿಯನ್ನು 18ಕ್ಕೆ ಇಳಿಸಿದ್ದೆವು. ಗಾಳಿ ಕಡಿಮೆ ಇದ್ದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಕಲ್ಲೂ ಅಷ್ಟೇ ಚೆನ್ನಾಗಿ ಟೈರನ್ನು ಹಿಡಿಯುತ್ತದೆ. ಘಾಟಿನ ತಿರುವಿನಲ್ಲಿ ಟೈರಿನ ಪಕ್ಕೆ ಕೊಯ್ದುಕೊಂಡು ಪಂಕ್ಚರ್. ಕಾಕಾ ಕೆಂಪು ಬಟ್ಟೆ ಹಿಡಿದು ಮುಂದಿನ ತಿರುವಿಗೆ ಓಡಿದರು. ಜಾಕ್ ತೆಗೆಯಲು ಡಿಕ್ಕಿ ಬಾಗಿಲು ತೆರೆದವನು, ಆ ವಾರದಲ್ಲಿ ಮೊದಲ ಸಲ, ಕಾಕಾಗಿಂತ ಮುಂಚೆ ನಾನು.

ಜಾಕಿನ ಪಕ್ಕದಲ್ಲಿ ಒಂದು ಹಳೇ ಕರವಸ್ತ್ರ. ಅದರ ಮೇಲೆ ನನ್ನ ಅಡಕತ್ತರಿ. ಎರಡೂ ಹಿಡಿಗಳು ಸಡಿಲ. ಸ್ವಲ್ಪ ಅಲುಗಿಸಿದೆ.

ಟಿಕ್ ಟಿಕ್.

ಕಾಕಾ ಮಳೆಯಲ್ಲಿ ನೆನೆಯುತ್ತಾ ವಾಪಸ್ ಬಂದರು. ನನ್ನ ಕೈ ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ.

"ಟೆಸ್ಟ್ ಗಾಡ್ಯಾಗ ಎಲಿ ಅಡಕಿ ತಿನ್ನಂಗಿಲ್ಲ ಅಂತ ರೂಲ್ ಐತಲ್ರಿ ಸರ. ಅದಕ್ಕ ಅಲ್ಲಿಟ್ಟಿದ್ದೆ. ಕಿಸೆದಾಗ ಇಟ್ರ ತೊಡಿಗೆ ಚುಚ್ಚತೈತಿ."

"ಮತ್ತೆ ಸದ್ದು ಕೇಳಿಸ್ತಾ ಅಂದಾಗ ಹೌದು ಅಂದ್ರಲ್ಲ?"

"ಕೇಳಸ್ತಿತ್ರಿ. ಸುಳ್ಳ ಹೇಳಾಕ ಬರತೈತೇನ್ರಿ? ಇದರದ ಅಂತ ಖರೇನ ಗೊತ್ತಿರಲಿಲ್ಲ ನೋಡ್ರಿ."

ನಂಬಿದೆನೋ ಇಲ್ಲವೋ ಹೇಳಲಾರೆ. ಟೈರು ಬದಲಾಯಿಸಿ, ಕೈ ತೊಳೆದು, ಘಾಟಿನ ಕೆಳಗೆ ಒಂದು ಟಪರಿಯಲ್ಲಿ ಕಾಂದಾ ಭಜಿ, ಚಹಾ ಹೇಳಿ ಕೂತೆವು. ಸಂಜೆಯೊಳಗೆ ಫಾರಂ ಮುಗಿಸಬೇಕಿತ್ತು. ಸಮಸ್ಯೆ: ಟಿಕ್ ಟಿಕ್ ಸದ್ದು. ಜಾಗ: ಹಿಂದೆ, ಬಲಗಡೆ. ವೇಗ: 12ರಿಂದ 15. ಮೂಲ ಕಾರಣ ಅನ್ನುವ ಕಡೆ 'ಬಿಡಿಭಾಗ ಸಡಿಲ' ಅಂತ ಬರೆದೆ, ಅದು ಸುಳ್ಳಲ್ಲ.

ಮುಂದಿನ ಕಾಲಂ, ಆ ಬಿಡಿಭಾಗದ ಸಪ್ಲೈಯರ್ ಯಾರು ಅಂತ. ಪೆನ್ನು ಅಲ್ಲಿ ನಿಂತಿತು. ಎದುರಿಗೆ ಕಾಕಾ ಒಂದು ಅಡಿಕೆಯನ್ನು ಎರಡು ಹೋಳು ಮಾಡಿ, ದೊಡ್ಡದನ್ನು ನನ್ನ ಕಡೆ ಚಾಚಿದರು.