ಕೋಡಂಗಿ ಯಾರು, ಈರಭದ್ರ ಯಾರು?

'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಚೀನಾದ ಸರ್ಕಾರಿ ಬ್ಯಾಂಕಾದ ಎಕ್ಸಿಮ್ ಬ್ಯಾಂಕಿನಲ್ಲಿ ಸಾಲ ಮಾಡಿದವರಲ್ಲ. ಮಾಡಿದ್ದರೆ ಗಾದೆಯನ್ನು ತಿರುವಿ ಹಾಕುತ್ತಿದ್ದರು. ಅದರ ಪರಿಷ್ಕೃತ ಆವೃತ್ತಿಯನ್ನು ನೋಡಬಯಸುವವರು ಶ್ರೀಲಂಕಾದ ದಕ್ಷಿಣ ಕರಾವಳಿಯ ಹಂಬನ್‌ತೋಟಕ್ಕೆ ಹೋಗಬೇಕು.

ಮಹಿಂದ ರಾಜಪಕ್ಸ ಅವರು 2005ರಲ್ಲಿ ಅಧ್ಯಕ್ಷರಾದಾಗ ಅವರ ತವರು ಜಿಲ್ಲೆಯಾದ ಹಂಬನ್‌ತೋಟದಲ್ಲಿ ಉಪ್ಪಿನ ಗದ್ದೆಗಳಿದ್ದವು, ಮೀನುಗಾರರ ದೋಣಿಗಳಿದ್ದವು, ಕಾಡಿನಲ್ಲಿ ಬೇಕಾದಷ್ಟು ಆನೆಗಳಿದ್ದವು. ಇಲ್ಲದಿದ್ದದ್ದು ಅಧ್ಯಕ್ಷರ ಹೆಸರು ಬರೆಸಲು ತಕ್ಕಷ್ಟು ದೊಡ್ಡ ಗೋಡೆಗಳು ಮಾತ್ರ. ಈ ಕೊರತೆಯನ್ನು ನೀಗಿಸಲು ಮಿತ್ರರಾಷ್ಟ್ರ ಚೀನಾ ಧಾವಿಸಿ ಬಂತು. ಅಲ್ಲೊಂದು ಬಂದರು ಕಟ್ಟಲು, ಅದರ ಮೊದಲ ಹಂತಕ್ಕೆ ಎಕ್ಸಿಮ್ ಬ್ಯಾಂಕಿನಿಂದ ಶೇ 6.3ರ ಬಡ್ಡಿಯಲ್ಲಿ 30.7 ಕೋಟಿ ಡಾಲರ್ ಸಾಲ ದೊರೆಯಿತು, ಕಟ್ಟುವ ಗುತ್ತಿಗೆಯೂ ಚೀನಾದ ಸರ್ಕಾರಿ ಕಂಪನಿಗೇ ದೊರೆಯಿತು, 2010ರ ನವೆಂಬರಿನಲ್ಲಿ ಉದ್ಘಾಟನೆಯೂ ಆಯಿತು. ಆಮೇಲೆ ಹಡಗಿನ ಪ್ರವೇಶದ್ವಾರದಲ್ಲೇ ಒಂದು ಬಂಡೆ ಕುಳಿತಿರುವುದು ಕಣ್ಣಿಗೆ ಬಿದ್ದು, ಅದನ್ನು ಸಿಡಿಸಬೇಕಾಯಿತು. ಬಂಡೆ ಹೋದ ಮೇಲೂ ಹಡಗುಗಳು ಬರಲಿಲ್ಲ. 2012ರಲ್ಲಿ ಬಂದವು ಒಟ್ಟು 34. ಆಗ ಸರ್ಕಾರ, ಕಾರುಗಳನ್ನು ಹೊತ್ತು ಕೊಲಂಬೊಗೆ ಬರುತ್ತಿದ್ದ ಹಡಗುಗಳೆಲ್ಲ ಇನ್ನು ಹಂಬನ್‌ತೋಟದಲ್ಲೇ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡಿತು. ಮದುವೆಗೆ ಜನ ಸೇರದಿದ್ದಾಗ ದಾರಿಹೋಕರನ್ನು ಎಳೆತಂದು ಪಂಕ್ತಿಯಲ್ಲಿ ಕೂರಿಸಿದಂತೆ.

ಬಂದರಿಗೆ ಜೊತೆಯಿರಲೆಂದು ಅದೇ ಜಿಲ್ಲೆಯ ಮತ್ತಲದಲ್ಲಿ ರಾಜಪಕ್ಸರ ಹೆಸರಿನದೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2013ರ ಮಾರ್ಚ್‌ನಲ್ಲಿ ತೆರೆಯಿತು. ಅದರ ವೆಚ್ಚ ಸುಮಾರು 20.9 ಕೋಟಿ ಡಾಲರ್. ಅದರಲ್ಲಿ 19 ಕೋಟಿ ಅದೇ ಗೆಳೆಯನದು. ವರ್ಷಕ್ಕೆ ಹತ್ತು ಲಕ್ಷ ಪ್ರಯಾಣಿಕರನ್ನು ನಿರೀಕ್ಷಿಸಿ ಕಟ್ಟಿದ ಈ ನಿಲ್ದಾಣದ ಉಗ್ರಾಣಗಳಲ್ಲಿ ಒಂದು ಹಂತದಲ್ಲಿ ಭತ್ತವನ್ನು ತುಂಬಿಡಲಾಗಿತ್ತು. ರೈತನ ಬೆಳೆಗೆ ಹವಾನಿಯಂತ್ರಿತ ನೆರೆಮನೆಯನ್ನು ಒದಗಿಸಿದ ಸರ್ಕಾರ ಜಗತ್ತಿನಲ್ಲಿ ಬೇರೊಂದಿರಲಾರದು. ರನ್‌ವೇಯನ್ನು ಆನೆ, ಕಾಡೆಮ್ಮೆ, ಜಿಂಕೆಗಳು ಸದುಪಯೋಗ ಪಡಿಸಿಕೊಳ್ಳತೊಡಗಿದ್ದರಿಂದ 2016ರಲ್ಲಿ ಮುನ್ನೂರಕ್ಕೂ ಹೆಚ್ಚು ಸೈನಿಕರು ಮತ್ತು ಪೊಲೀಸರು ಪಟಾಕಿ ಹೊಡೆದು ಅವನ್ನು ಓಡಿಸಬೇಕಾಯಿತು. ನಿಯತವಾಗಿ ಬರುತ್ತಿದ್ದವರು ಆ ಪ್ರಾಣಿಗಳಷ್ಟೇ ಆಗಿದ್ದರೂ ಅವರ ಬಳಿ ಟಿಕೆಟ್ ಇರಲಿಲ್ಲವಲ್ಲ!

ಇನ್ನು 2017ರ ಮಹಾ ವ್ಯವಹಾರ. ಬಂದರನ್ನು 112 ಕೋಟಿ ಡಾಲರಿಗೆ, 99 ವರ್ಷಗಳ ಅವಧಿಗೆ, ಚೀನಾದ ಸರ್ಕಾರಿ ಒಡೆತನದ ಚೈನಾ ಮರ್ಚೆಂಟ್ಸ್ ಪೋರ್ಟ್ ಕಂಪನಿಗೆ ಒಪ್ಪಿಸಲಾಯಿತು. ಅಲ್ಲಿಗೆ ಬಂದರಿನ ಸಾಲ ತೀರಿತೆಂದು ಜಗತ್ತೆಲ್ಲ ಭಾವಿಸಿತು. ಸಾಲ ತೀರಲಿಲ್ಲ! ಬಂದ ಹಣ ಬರಿದಾಗುತ್ತಿದ್ದ ವಿದೇಶಿ ವಿನಿಮಯದ ಬೊಕ್ಕಸಕ್ಕೆ ಹೋಯಿತು. ಬಂದರಿನ ಸಾಲ ಹಾಗೆಯೇ ಶ್ರೀಲಂಕಾದ ಖಜಾನೆಯ ತಲೆಯ ಮೇಲೆ ಉಳಿಯಿತು. ಅಂದರೆ ಮನೆ ಕಟ್ಟಲು ಅಣ್ಣನಿಂದ ಸಾಲ ಪಡೆದು, ಕಟ್ಟಿದ ಮನೆಯನ್ನು ತಮ್ಮನಿಗೆ ಭೋಗ್ಯಕ್ಕೆ ಹಾಕಿ, ಭೋಗ್ಯದ ಹಣವನ್ನು ಸಾಲ ಕೊಟ್ಟ ಬೇರೆಯವರ ಬಾಯಿಗೆ ಸುರಿದು, ಅಣ್ಣನಿಗೆ ಮಾತ್ರ ಕಂತು ತಪ್ಪದೆ ಕಟ್ಟುತ್ತಿದ್ದ ಗೃಹಸ್ಥನ ಸ್ಥಿತಿ ಅದು. ಇಬ್ಬರಿಗೂ ಗೆಲುವು ಎಂದು ಬೀಜಿಂಗ್‌ನ ರಾಜತಂತ್ರಜ್ಞರು ಮತ್ತೆ ಮತ್ತೆ ಹೇಳುವ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆ ಇಬ್ಬರು ಅಣ್ಣತಮ್ಮಂದಿರು ಎಂಬುದನ್ನಷ್ಟೇ ನಾವು ಗಮನಿಸಿರಲಿಲ್ಲ.

'ಇದು ಚೀನಾದ ಸಾಲದ ಬಲೆ' ಎಂದು ವಾಷಿಂಗ್ಟನ್ ಆಗ ಹಾಕಿದ ಬೊಬ್ಬೆಯೂ ಕಡಿಮೆ ರಂಜನೆಯದಲ್ಲ. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲ ಮರುಪಾವತಿಯನ್ನು ನಿಲ್ಲಿಸಿ ಕೈಯೆತ್ತಿದಾಗ, ಚೀನಾಕ್ಕಿಂತ ದೊಡ್ಡ ಬಾಕಿ ಇದ್ದದ್ದು ಪಶ್ಚಿಮದ ಹೂಡಿಕೆದಾರರೇ ಹೆಚ್ಚಾಗಿ ಕೊಂಡಿದ್ದ ಡಾಲರ್ ಬಾಂಡುಗಳದು, ಅಂದರೆ ಸಾಲಪತ್ರಗಳದು. ಆದರೆ ಬಾಂಡಿಗೆ ಗೋಡೆಯಿಲ್ಲ, ಬಂಡೆಯಿಲ್ಲ, ಆನೆಯಿಲ್ಲ. ಅದರ ಎದುರು ನಿಂತು ಫೋಟೊ ತೆಗೆಸಿಕೊಳ್ಳಲಾಗದು. ಅದೇ ವರ್ಷ ಭಾರತ ಸುಮಾರು 400 ಕೋಟಿ ಡಾಲರ್ ನೆರವು ನೀಡಿ ನೆರೆಮನೆಯ ಒಲೆ ಹೊತ್ತಿಸಿತು; ಆಗಸ್ಟ್‌ನಲ್ಲಿ ಅದೇ ಹಂಬನ್‌ತೋಟಕ್ಕೆ ಚೀನಾದ 'ಯುವಾನ್ ವಾಂಗ್ 5' ಎಂಬ ಹಡಗು ಬಂದು ನಿಂತಿತು. ಅದನ್ನು ಬೇಹುಗಾರ ಹಡಗೆಂದು ದೆಹಲಿ ಅನುಮಾನಿಸಿತು, ಸಂಶೋಧನಾ ಹಡಗೆಂದು ಬೀಜಿಂಗ್ ಸಮಾಧಾನ ಹೇಳಿತು, ಕೊಲಂಬೊ ಮೊದಲು 'ಸ್ವಲ್ಪ ತಡೆಯಿರಿ' ಎಂದು ಬಳಿಕ 'ಬನ್ನಿ' ಎಂದಿತು. ಭೋಗ್ಯಕ್ಕೆ ಕೊಟ್ಟ ಮನೆಗೆ ಯಾವ ನೆಂಟರು ಬರಬೇಕೆಂದು ಹಳೆಯ ಯಜಮಾನ ಹೇಗೆ ತಾನೇ ನಿರ್ಬಂಧಿಸಿಯಾನು?

ಭೋಗ್ಯದ ಅವಧಿ ಮುಗಿಯುವುದು 2116ರಲ್ಲಿ. ಅಧ್ಯಕ್ಷರ ಹೆಸರು ಹೊತ್ತಿದ್ದ ಬಂದರನ್ನು ಹೊಸ ಕಂಪನಿ ಈಗ ಬರೀ ಹಂಬನ್‌ತೋಟ ಅಂತರರಾಷ್ಟ್ರೀಯ ಬಂದರು ಎಂದು ಕರೆಯುತ್ತದೆ. ಮತ್ತಲದ ವಿಮಾನ ನಿಲ್ದಾಣದ ಹೆಸರಿನಲ್ಲಿ ರಾಜಪಕ್ಸರು ಉಳಿದುಕೊಂಡಿದ್ದಾರೆ. ಆ ಹೆಸರನ್ನು ಭೋಗ್ಯಕ್ಕೆ ಕೇಳಿಕೊಂಡು ಯಾರೂ ಬಂದಿಲ್ಲ.