ತುಕ್ಕು ಹಿಡಿಸುವವನ ಪಾಡು

ಪಾಳು ಬಿದ್ದ ಗಾಡಿಯ ಮಾಡೆಲ್ ಮಾಡುವುದು ಸೋಮಾರಿಗಳಿಗೆ ಹೇಳಿ ಮಾಡಿಸಿದ ಕೆಲಸ ಅಂತ ಯಾರಿಗಾದರೂ ಅನ್ನಿಸುತ್ತೆ. ಪೆರೇಡಿಗೆ ಹೊರಟ ಗಾಡಿಯಾದರೆ ಬಣ್ಣ ಒಂದೇ ಸಮ ಇರಬೇಕು, ಅಂಟು ಹೊರಗೆ ಕಾಣಬಾರದು, ಗಾಜು ಫಳಫಳ ಅನ್ನಬೇಕು. ಕೆಟ್ಟು ನಿಂತ ಗಾಡಿಗೆ ಈ ಕಾಟ ಯಾವುದೂ ಇಲ್ಲ ನೋಡಿ. ಬಣ್ಣ ಕಿತ್ತು ಬಂತಾ? ಹಳೇದು. ಬಂಪರ್ ಸೊಟ್ಟಗೆ ಕೂತಿತಾ? ಎಲ್ಲೋ ಗುದ್ದಿರಬೇಕು. ಸೂಪರ್ ಗ್ಲೂ ಆವಿ ತಾಗಿ ಗಾಜು ಮಂಜಾಯಿತಾ? ವರ್ಷಗಟ್ಟಲೆ ಹೊರಗೆ ಬಿದ್ದಿದ್ದರೆ ಇನ್ನೇನಾಗುತ್ತೆ! ನಮ್ಮ ಎಡವಟ್ಟುಗಳನ್ನೆಲ್ಲ ಕಾಲದ ಲೆಕ್ಕಕ್ಕೆ ಬರೆದು ಹಾಯಾಗಿರಬಹುದು.

ಕಾಲ ಆ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ. ಅದು ಆಮೇಲೆ ಗೊತ್ತಾಗುತ್ತೆ.

ನಾನು ಆರಿಸಿಕೊಂಡದ್ದು ಎರಡನೇ ಮಹಾಯುದ್ಧದ ಅಮೆರಿಕನ್ ಲಾರಿ, ಜಿಎಂಸಿ ಸಿಸಿಕೆಡಬ್ಲ್ಯೂ. ಎರಡೂವರೆ ಟನ್ ಹೊರುವ ಗಾಡಿ. 1941ರಿಂದ 1945ರವರೆಗೆ 5 ಲಕ್ಷಕ್ಕೂ ಜಾಸ್ತಿ ತಯಾರಾದವು. 1944ರಲ್ಲಿ ಫ್ರಾನ್ಸಿನಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಅಂತ ಹಗಲೂ ರಾತ್ರಿ ಪೆಟ್ರೋಲು, ಮದ್ದುಗುಂಡು ಹೊತ್ತು ಓಡಿದ ಲಾರಿಗಳಲ್ಲಿ ಇವು ಬಹಳ. ಅಷ್ಟೆಲ್ಲ ಓಡಿದ ಲಾರಿ ಬೇಲಿ ಪಕ್ಕದ ಚರಂಡಿಗೆ ಒಂದು ಬದಿ ಇಳಿಸಿ, ಮೈತುಂಬ ತುಕ್ಕು ಹೊದ್ದು ನಿಂತಿರಬೇಕು. ಅದು ನನ್ನ ಆಸೆ.

ಅಳತೆ 1:35, ಅಂದರೆ ನಿಜವಾದ ಲಾರಿಯ 35ರಲ್ಲಿ ಒಂದು ಪಾಲು. ಇದ್ಯಾಕೆ ಸರಿಯಾಗಿ 30 ಅಲ್ಲ, 40 ಅಲ್ಲ ಅಂತ ಕೇಳುವವರಿದ್ದಾರೆ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಶುರುವಿನ ಹೊತ್ತಿಗೆ ಪ್ಯಾಂಥರ್ ಟ್ಯಾಂಕಿನ ಕಿಟ್, ಅಂದರೆ ಬಿಡಿಭಾಗ ಜೋಡಿಸಿ ಮಾಡುವ ಮಾಡೆಲ್, ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅವಕ್ಕೆ ಜಾಗ ಮಾಡಿ ಅಳೆದು ನೋಡಿದರೆ ಹೆಚ್ಚುಕಡಿಮೆ 35ರಲ್ಲಿ ಒಂದು ಪಾಲು ಬಂತು. ಅವತ್ತಿನ ಬ್ಯಾಟರಿಯ ದೆಸೆಯಿಂದ ನಾವು ಇವತ್ತಿಗೂ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದೇವೆ.

ಈ ಅಳತೆಯ ತಮಾಷೆ ಏನೆಂದರೆ, ಇಲ್ಲಿನ 1 ಮಿಲಿಮೀಟರ್ ಅಲ್ಲಿನ ಮೂರೂವರೆ ಸೆಂಟಿಮೀಟರ್. ಒದ್ದೆ ಬಣ್ಣದ ಮೇಲೆ ಹೆಬ್ಬೆರಳು ತಾಗಿತು ಅಂದರೆ ಬಾನೆಟ್ಟಿನ ಮೇಲೆ ಮುಕ್ಕಾಲು ಮೀಟರಿನ ಹೆಬ್ಬೆಟ್ಟು. ಅದನ್ನು ಮಳೆ ಗಾಳಿಯ ತಲೆಗೆ ಕಟ್ಟುವುದು ಕಷ್ಟ. ಧೂಳಿನದೂ ಅದೇ ಕಥೆ. “ಬೀರು ಮೇಲೆ ಒಂದು ತಿಂಗಳು ಇಡಿ ರೀ, ತಾನೇ ಧೂಳು ಹಿಡಿಯುತ್ತೆ, ಅದಕ್ಕೆ ಯಾಕೆ ದುಡ್ಡು ಕೊಟ್ಟು ಧೂಳಿನ ಪುಡಿ ತರಿಸ್ತೀರಿ?” ಅಂತ ಹೆಂಡತಿ ಕೇಳಿದಳು. ಮಾತಿನಲ್ಲಿ ನ್ಯಾಯವಿದೆ. ಆದರೆ ಮನೆಯ ಧೂಳು ನಮ್ಮ ಅಳತೆಯದ್ದು. ಅದರ ಒಂದು ಎಳೆ ಲಾರಿಯ ಮೇಲೆ ಬಿದ್ದರೆ ಹಡಗು ಕಟ್ಟುವ ಹಗ್ಗ ಬಿದ್ದ ಹಾಗೆ ಕಾಣುತ್ತೆ. ಅದಕ್ಕೇ ಪಿಗ್ಮೆಂಟ್ ಅನ್ನುವ ನುಣ್ಣನೆ ಪುಡಿ. “ಅಂದ್ರೆ ಮನೆ ಧೂಳು ಒರೆಸಿ, ಅಂಗಡಿ ಧೂಳು ಹಾಕ್ತೀರಾ?” ಅಂದಳು. ಹೌದು ಅನ್ನದೆ ವಿಧಿಯಿರಲಿಲ್ಲ.

ತುಕ್ಕಿನ ಕೆಲಸದ ಮಜಾ ಇರುವುದು ಅದರ ತಲೆಕೆಳಗಾದ ಕ್ರಮದಲ್ಲಿ. ಲೋಕದ ಲಾರಿಗೆ ಮೊದಲು ಬಣ್ಣ, ಆಮೇಲೆ ತುಕ್ಕು. ನಮ್ಮ ಲಾರಿಗೆ ಮೊದಲು ತುಕ್ಕು, ಆಮೇಲೆ ಬಣ್ಣ. ಪೂರ್ತಿ ಲಾರಿಗೆ ಕಂದು ಬಳಿದು, ಅಲ್ಲಲ್ಲಿ ಇಟ್ಟಿಗೆ ಬಣ್ಣ, ಅಲ್ಲಲ್ಲಿ ಕಿತ್ತಳೆ ಚುಕ್ಕಿ ಇಟ್ಟು, ವಾರ್ನಿಶ್ ಹೊಡೆದು ಒಣಗಿಸಬೇಕು. ಅದರ ಮೇಲೆ ಹೇರ್ ಸ್ಪ್ರೇ. ಹೌದು, ತಲೆಕೂದಲಿಗೆ ಹೊಡೆಯುವುದೇ. ಹೆಂಡತಿಯದ್ದು. ನನ್ನ ತಲೆಗೆ ಅದರ ಅಗತ್ಯ ಮುಗಿದು ಬಹಳ ಕಾಲವಾಯಿತು. ಅದು ಒಣಗಿದ ಮೇಲೆ ಮಿಲಿಟರಿ ಹಸಿರು ಆಕ್ರಿಲಿಕ್ ಬಣ್ಣ.

ಈಗ ಬರುತ್ತೆ ನೋಡಿ ನಿಜವಾದ ಘಳಿಗೆ. ಬಲಗಡೆ ಬಾಗಿಲಿನ ಹಿಡಿಕೆಯ ಕೆಳಗೆ ಒದ್ದೆ ಬ್ರಷ್ ಮುಟ್ಟಿಸಿದೆ. ಮೊದಲು ಏನೂ ಆಗಲಿಲ್ಲ. ನೀರು ಬಣ್ಣದೊಳಗೆ ಮೆಲ್ಲಗೆ ಇಳಿಯಿತು. ಅಡಿಯಲ್ಲಿದ್ದ ಹೇರ್ ಸ್ಪ್ರೇ ಕರಗಿ, ಹಸಿರು ಬಣ್ಣ ಸಣ್ಣಗೆ ಉಬ್ಬಿ, ಬ್ರಷ್ಷಿನ ತುದಿಗೆ ಒಂದು ಚಕ್ಕೆ ಅಂಟಿಕೊಂಡು ಬಂತು. ಕೆಳಗೆ ಕಂದು ತುಕ್ಕು! ಅಂಚೆಲ್ಲ ಚೂರುಚೂರು, ಥೇಟ್ ಹಳೆ ಗಾಡಿಯ ಹಾಗೆ. ಕೂಗಿ ಹೆಂಡತಿಯನ್ನು ಕರೆದೆ. ಅವಳು ಬಂದು ನೋಡಿ, “ಬಣ್ಣ ಕಿತ್ತು ಬಂತಲ್ಲ ರೀ, ಪಾಪ” ಅಂದಳು.

ಈ ಕೆಲಸಕ್ಕೆ ಒಂದು ಷರತ್ತಿದೆ. ಬಣ್ಣ ಪೂರ್ತಿ ಗಟ್ಟಿಯಾಗುವುದರೊಳಗೆ ಮುಗಿಸಬೇಕು. ಬಲಗಡೆ ಮುಗಿದು ಎಡಗಡೆಗೆ ತಿರುಗುವಷ್ಟರಲ್ಲಿ ಅಕ್ಕನ ಫೋನು ಬಂತು. ಭಾವನನ್ನೂ ಮಗನನ್ನೂ ಕರೆದುಕೊಂಡು ಮನೆಗೆ ಬರುತ್ತಿದ್ದೇನೆ ಅನ್ನುವ ವಿಷಯ. ವಿಷಯ ಇಷ್ಟೇ. ಆದರೆ ಅಕ್ಕನ ಫೋನು ಇಷ್ಟಕ್ಕೇ ಮುಗಿಯುವಂಥದ್ದಲ್ಲ. ಫೋನ್ ಇಟ್ಟು ಬಂದು ಎಡಗಡೆ ಬಾಗಿಲನ್ನು ಎಷ್ಟು ಉಜ್ಜಿದರೂ ಹಸಿರು ಜಪ್ಪಯ್ಯ ಅನ್ನಲಿಲ್ಲ. ಬಲಗಡೆಯಿಂದ ನೋಡಿದರೆ ಎಂಬತ್ತು ವರ್ಷದ ಗಾಡಿ, ಎಡಗಡೆಯಿಂದ ನೋಡಿದರೆ ಶೋರೂಮಿನಿಂದ ಈಗ ತಾನೇ ಇಳಿದದ್ದು. ಸ್ಪಂಜಿನ ಚೂರಿಗೆ ಕಂದು ಬಣ್ಣ ಅದ್ದಿ ಅದ್ದಿ ಒತ್ತಿ, ಹೇಗೋ ಎರಡು ಬದಿಯ ವಯಸ್ಸನ್ನೂ ಹತ್ತಿರ ತಂದೆ.

ತುಕ್ಕು ಎಲ್ಲಿ ಬೇಕೋ ಅಲ್ಲಿ ಕೂರುವುದಿಲ್ಲ. ನೀರು ನಿಲ್ಲುವಲ್ಲಿ, ಬೆಸುಗೆಯ ಸಂದಿಯಲ್ಲಿ, ಬಾಗಿಲಿನ ತಳದ ಅಂಚಿನಲ್ಲಿ ಶುರುವಾಗುತ್ತೆ. ಹೊಸ ತುಕ್ಕು ಕಿತ್ತಳೆ, ಹಳೆಯದು ಕಡುಕಂದು. ಟೈರಿಗೆ ತುಕ್ಕಿಲ್ಲ. ಉಕ್ಕು ಉಳಿಸಲು ಈ ಲಾರಿಗಳಲ್ಲಿ ಕೆಲವಕ್ಕೆ ಸಾಮಾನು ಹಾಕುವ ಹಿಂಭಾಗ ಮರದಲ್ಲಿ ಮಾಡಿದರು. ಮರ ಬೂದು ಬಣ್ಣಕ್ಕೆ ತಿರುಗುತ್ತೆ, ಅದಕ್ಕೆ ಹಾಕಿದ ಬೋಲ್ಟು ಮಾತ್ರ ತುಕ್ಕು ಸುರಿಸುತ್ತೆ. ಪರಿಚಯದವರೊಬ್ಬರು ಎಂ113 ಅನ್ನುವ ಸೈನ್ಯದ ಗಾಡಿಯ ಮಾಡೆಲ್‌ಗೆ ಅಡಿಯಿಂದ ಮುಡಿಯವರೆಗೆ ಅದ್ಭುತ ತುಕ್ಕು ಹಿಡಿಸಿ ತಂದು ತೋರಿಸಿದರು. ಅದರ ಮೈಯೆಲ್ಲ ಅಲ್ಯೂಮಿನಿಯಂ. ತುಕ್ಕು ಹಿಡಿಯುವುದು ಚಕ್ರಗಳ ಸುತ್ತ ಓಡುವ ಪಟ್ಟಿಗಳಂಥ ಉಕ್ಕಿನ ಭಾಗಗಳಿಗೆ ಮಾತ್ರ. ಹೇಳಲು ಬಾಯಿ ಬರಲಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಇದೆಲ್ಲ ತಲೆಗೆ ಹತ್ತಿದ ಮೇಲೆ ರಸ್ತೆಯಲ್ಲಿ ನಡೆಯುವ ರೀತಿಯೇ ಬದಲಾಗುತ್ತೆ. ಪಕ್ಕದ ಮನೆಯ ಗೇಟಿನ ಕೀಲಿನ ಕೆಳಗೆ ಒಂದು ತುಕ್ಕಿನ ಗೆರೆ ಇತ್ತು. ನಡುವೆ ಕಪ್ಪಗೆ, ಅಂಚಿಗೆ ಬರುತ್ತಾ ಕಿತ್ತಳೆ, ತುದಿಯಲ್ಲಿ ಎಳೆಎಳೆಯಾಗಿ ಮಾಯ. ಕುಕ್ಕರಗಾಲಿನಲ್ಲಿ ಕೂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಮೇಲಿನಿಂದ, “ಏನ್ ಸಾರ್, ಏನಾದ್ರೂ ಬಿದ್ದೋಯ್ತಾ?” ಅಂತ ದನಿ ಬಂತು. “ಇಲ್ಲ ಸಾರ್, ನಿಮ್ಮ ಗೇಟಿನ ತುಕ್ಕು ಬಹಳ ಚೆನ್ನಾಗಿದೆ, ಅದನ್ನೇ ನೋಡ್ತಿದ್ದೆ” ಅಂದೆ. ಮನಸಾರೆ ಹೇಳಿದ ಮಾತು. ಅವರು ಏನೂ ಅನ್ನದೆ ಒಳಗೆ ಹೋದರು. ಆ ವಾರವೇ ಗೇಟಿಗೆ ಬೆಳ್ಳಿ ಬಣ್ಣ ಬಿತ್ತು. ಈಗ ನನ್ನನ್ನು ಕಂಡಾಗಲೆಲ್ಲ “ಹೇಗಿದೆ ಸಾರ್ ಗೇಟು?” ಅಂತಾರೆ. ಹೊಟ್ಟೆ ಉರಿಯುತ್ತೆ.

ಹತ್ತು ಟೈರಿನದು ಬೇರೆಯೇ ಗೋಳು. ನಿಂತು ನಿಂತು ಗಾಳಿ ಹೋದ ಟೈರು ತಳದಲ್ಲಿ ಚಪ್ಪಟೆಯಾಗಿ, ಪಕ್ಕಕ್ಕೆ ಉಬ್ಬಿರಬೇಕು. ಕಿಟ್‌ನಲ್ಲಿ ಬರುವ ಟೈರುಗಳೆಲ್ಲ ಗಾಳಿ ತುಂಬಿಕೊಂಡು ಗುಂಡಗೆ ನಗುತ್ತಿರುತ್ತವೆ. ಬಿಸಿ ಮಟ್ಟಸ ಜಾಗಕ್ಕೆ ಒತ್ತಿದರೆ ಚಪ್ಪಟೆಯಾಗುತ್ತವೆ. ಮನೆಯಲ್ಲಿ ಬಿಸಿಯಾಗಿ, ಮಟ್ಟಸವಾಗಿ ಇರುವ ಸಾಮಾನು ಯಾವುದು? ಇಸ್ತ್ರಿ ಪೆಟ್ಟಿಗೆ. ಟೈರುಗಳೇನೋ ಸೊಗಸಾಗಿ ಬಂದವು. ಪೆಟ್ಟಿಗೆಯನ್ನೂ ಒರೆಸಿಯೇ ಇಟ್ಟಿದ್ದೆ. ಆದರೆ ಕಾದಾಗ ಮಾತ್ರ ಮೆತ್ತಗಾಗುವ ಕರಿ ಅಂಟನ್ನು ತಣ್ಣಗಿದ್ದಾಗ ಒರೆಸಿ ಏನು ಪ್ರಯೋಜನ?

ಅಕ್ಕನ ಮನೆಯವರು ಬಂದರು. ಮಾರನೇ ಬೆಳಿಗ್ಗೆ ಭಾವ ಮೀಟಿಂಗಿಗೆ ಹೊರಟು ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಹಲ್ಲುಜ್ಜುತ್ತಿದ್ದೆ. ಒಳಗಿನಿಂದ, “ಇದೇನಯ್ಯಾ ಇದು?” ಅಂದರು. ಜೇಬಿನಿಂದ ಹೊಟ್ಟೆಯವರೆಗೆ ಕರ್ರಗೆ ಒಂದು ಪಟ್ಟೆ.

“ಲಾರಿ ಟೈರು ಭಾವ.”

“ಯಾವ ಲಾರಿ?”

“1944ರದ್ದು.”

ಭಾವ ಒಳ್ಳೆಯವರು. ಹೆಚ್ಚು ಕೇಳಲಿಲ್ಲ. ನನ್ನ ಶರ್ಟೊಂದನ್ನು ಹಾಕಿಕೊಂಡು, ಉಸಿರು ಬಿಗಿ ಹಿಡಿದು ಮೀಟಿಂಗಿಗೆ ಹೋದರು.

ಅವರ ಮಗ ಮಾತ್ರ ಕೇಳದೆ ಬಿಡುವ ಪೈಕಿ ಅಲ್ಲ. ಸಂಜೆ ಗಲ್ಲಕ್ಕೆ ಕೈ ಕೊಟ್ಟು ಲಾರಿಯ ಮುಂದೆ ಕೂತ. ಚರಂಡಿ, ಬೇಲಿ, ಹುಲ್ಲು ಎಲ್ಲ ನೋಡಿದ. ಆಮೇಲೆ, “ಮಾಮ, ಈ ಊರಲ್ಲಿ ಮಳೆ ಓರೆಯಾಗಿ ಬೀಳುತ್ತಾ?” ಅಂದ.

ನೋಡಿದೆ. ತುಕ್ಕಿನ ಗೆರೆಗಳನ್ನು ಎಳೆದದ್ದು ಲಾರಿ ಮೇಜಿನ ಮೇಲೆ ಮಟ್ಟಸವಾಗಿ ನಿಂತಿದ್ದಾಗ. ಆಮೇಲೆ ಅದನ್ನು ವಾಲಿಸಿ ಚರಂಡಿಗೆ ಅಂಟಿಸಿದ್ದು. ಲಾರಿಯ ಜೊತೆ ಗೆರೆಗಳೂ ವಾಲಿದ್ದವು. ನೀರು ಭೂಮಿಯನ್ನು ನೋಡಿ ಇಳಿಯುತ್ತೆಯೇ ಹೊರತು ಲಾರಿಯನ್ನು ನೋಡಿ ಅಲ್ಲ.

“ಲಾರಿ ಚರಂಡಿಗೆ ಜಾರಿದ್ದು ಮೊನ್ನೆ ಮೊನ್ನೆ ಕಣೋ. ಅದಕ್ಕೂ ಮೊದಲು ನೆಟ್ಟಗೇ ನಿಂತಿತ್ತು.”

ಹುಡುಗ ಇನ್ನೊಂದು ಸಲ ಬಗ್ಗಿ ನೋಡಿದ. “ಹಾಗಾದ್ರೆ ಚಕ್ರದ ಸಂದಿಯಲ್ಲಿ ಇಷ್ಟೆತ್ತರ ಹುಲ್ಲು ಯಾವಾಗ ಬೆಳೀತು?”

ಗೆರೆ ಎಳೆದದ್ದು ಎನಾಮೆಲ್ ಬಣ್ಣದಲ್ಲಿ, ಅದು ಥಿನ್ನರಿಗೆ ಅಳಿಸಿಹೋಗುತ್ತೆ, ಪುಣ್ಯ. ಅವನು ಮಲಗಿದ ಮೇಲೆ ಅಳಿಸಿ, ನೂಲಿಗೆ ಒಂದು ನಟ್ಟು ಕಟ್ಟಿ ಇಳಿಬಿಟ್ಟು, ಅದರ ನೇರಕ್ಕೆ ಹೊಸ ಗೆರೆ ಎಳೆದೆ. ಬೆಳಿಗ್ಗೆ ಎದ್ದವನೇ ನೋಡಿ, “ರಾತ್ರಿ ಮಳೆ ಬಂತಾ ಮಾಮ?” ಅಂದ.

ಕಾಣೆಯಾದ ಭಾಗಗಳ ವಿಷಯದಲ್ಲಿ ಮಾತ್ರ ಪಾಳು ಗಾಡಿ ನನ್ನ ಕೈ ಬಿಡಲಿಲ್ಲ. ಹೆಡ್‌ಲೈಟಿನ ಮುಂದಿನ ತಡೆ ಹಿತ್ತಾಳೆ ಹಾಳೆಯಲ್ಲಿ ಕೊರೆದದ್ದು, ಕಾಗದಕ್ಕಿಂತ ತುಸು ದಪ್ಪ. ಚಿಮಟದಲ್ಲಿ ಸ್ವಲ್ಪ ಬಿಗಿ ಹಿಡಿದೆ, ಟಿಂಗ್ ಅಂತ ಹಾರಿತು. ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದರೂ ಸಿಗಲಿಲ್ಲ. ಒಂದೇ ಹೆಡ್‌ಲೈಟಿಗೆ ತಡೆ ಇದೆ. ಯಾರಾದರೂ ಕೇಳಿದರೆ ಗುಜರಿಯವರು ಬಿಚ್ಚಿಕೊಂಡು ಹೋದರು ಅಂತೀನಿ. ಇದನ್ನು ಆ ಹುಡುಗನೂ ಒಪ್ಪಿದ್ದಾನೆ.

ಮುಂದಿನದು ಟ್ಯಾಂಕು. ಪೋರ್ಟೊ ರಿಕೊದ ಕುಲೆಬ್ರಾ ದ್ವೀಪದಲ್ಲಿ ಅಮೆರಿಕದ ನೌಕಾಪಡೆ 1975ರವರೆಗೆ ಗುಂಡಿನ ಅಭ್ಯಾಸ ನಡೆಸುತ್ತಿತ್ತು. ಅವರು ಬಿಟ್ಟುಹೋದ ಟ್ಯಾಂಕುಗಳು ಅಲ್ಲಿನ ಫ್ಲಮೆಂಕೊ ಬೀಚಿನ ಮರಳಿನಲ್ಲಿ ತುಕ್ಕು ಹಿಡಿದು ನಿಂತಿವೆ. ಮೇಲೆಲ್ಲ ಜನ ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ. ತುಕ್ಕಿನ ಮೇಲೆ ಬಣ್ಣ, ಬಣ್ಣದ ಮೇಲೆ ಮತ್ತೆ ತುಕ್ಕು! ಅಲೆಗೆ ಎಪಾಕ್ಸಿ ರೆಸಿನ್, ಅಂದರೆ ಸುರಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ, ಸುರಿಯಬೇಕು. ಒಂದೇ ಸಲ ಜಾಸ್ತಿ ಸುರಿದರೆ ಅದು ಕಾದು ಹೊಗೆಯಾಡುತ್ತೆ, ತೆಳುವಾಗಿ ಪದರ ಪದರ ಹಾಕಬೇಕು ಅಂತ ಫೋನಿನಲ್ಲಿ ಅಕ್ಕನಿಗೆ ವಿವರಿಸಿದೆ. ಪಕ್ಕದಲ್ಲಿ ಭಾವ ಇದ್ದರಂತೆ. ಹಬ್ಬಕ್ಕೆ ಖಂಡಿತ ಬರುತ್ತಾರೆ, ಶರ್ಟುಗಳನ್ನು ಮಾತ್ರ ಅಲ್ಲಿಂದಲೇ ಇಸ್ತ್ರಿ ಮಾಡಿಸಿಕೊಂಡು ತರುತ್ತಾರಂತೆ.